ಇನ್ನೂರು ವರ್ಷದ ಹಿಂದೆ ಕಣ್ಣಲ್ಲಿ ನೋಡಿ ಬರೆದ ವಾಯುಭಾರವನ್ನು ನಂಬುವುದು ಹೇಗೆ?

ಮದರಾಸು ವೀಕ್ಷಣಾಲಯದ ವಾಯುಭಾರದ ದಾಖಲೆ 1796ರಷ್ಟು ಹಿಂದಕ್ಕೆ ಹೋಗುತ್ತದೆ ಎಂದೊಡನೆ ಎಲ್ಲರೂ ಇದನ್ನೇ ಕೇಳುತ್ತಾರೆ. ನಿಜ ಹೇಳಬೇಕೆಂದರೆ, ಕಣ್ಣಿನ ತಪ್ಪು ದೊಡ್ಡ ತೊಂದರೆಯಲ್ಲ. ಒಂದು ದಿನ ತುಸು ಹೆಚ್ಚು, ಇನ್ನೊಂದು ದಿನ ತುಸು ಕಡಿಮೆ ಓದಿದ್ದು ತಿಂಗಳ ಸರಾಸರಿಯಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ. ದಿನವೂ ಒಂದೇ ಕಡೆಗೆ ಎಳೆಯುವ ತಪ್ಪೇ ನಿಜವಾದ ಕಾಟ.

ಮೊದಲನೆಯದು ಸೆಕೆ. ಆಗಿನ ವಾಯುಭಾರಮಾಪಕವೆಂದರೆ ಗಾಜಿನ ಕೊಳವೆಯಲ್ಲಿ ನಿಂತ ಪಾದರಸ; ಅದರ ಎತ್ತರವನ್ನು ಇಂಚಿನಲ್ಲಿ ಓದುತ್ತಿದ್ದರು. ಪಾದರಸ ಬಿಸಿಗೆ ಹಿಗ್ಗುತ್ತದೆ. ಹಿತ್ತಾಳೆಯ ಅಳತೆಪಟ್ಟಿಯೂ ಹಿಗ್ಗುತ್ತದೆ, ಆದರೆ ಅಷ್ಟಲ್ಲ. ಕೊಠಡಿಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಇದ್ದರೆ 30 ಇಂಚಿನ ಓದಿನಿಂದ ಸುಮಾರು 0.15 ಇಂಚು, ಅಂದರೆ ಇಂದಿನ ವಾಯುಭಾರದ ಮಾನದಲ್ಲಿ 5 ಹೆಕ್ಟೊಪಾಸ್ಕಲ್ ಕಳೆಯಬೇಕು. ಎರಡನೆಯದು ಗುರುತ್ವ. ಮದರಾಸಿನಲ್ಲಿ ಅದು ಸೆಕೆಂಡಿನ ವರ್ಗಕ್ಕೆ 9.783 ಮೀಟರ್, ಪ್ರಮಾಣಿತ ಬೆಲೆ 9.80665. ಗುರುತ್ವ ಕಡಿಮೆಯಾದಷ್ಟೂ ಪಾದರಸ ಹಗುರಾಗಿ ಮೇಲೆ ನಿಲ್ಲುತ್ತದೆ. ಅದಕ್ಕಾಗಿ ಇನ್ನೂ 2.4 ಹೆಕ್ಟೊಪಾಸ್ಕಲ್ ಕಳೆಯಬೇಕು. ಈ ಹಳೆಯ ದಾಖಲೆಯಲ್ಲಿ ನಾವು ಹುಡುಕುತ್ತಿರುವುದು ಎಲ್ ನಿನೊ ವರ್ಷಗಳನ್ನು, ಅಂದರೆ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯೇರುವ ವರ್ಷಗಳನ್ನು. ಆಗಿನ ವಾಯುಭಾರದ ಏರಿಕೆಯಾದರೋ ಒಂದೆರಡು ಹೆಕ್ಟೊಪಾಸ್ಕಲ್ ಮಾತ್ರ! ಅಂಥದೇ ವರ್ಷವಾದ 1877ರಲ್ಲಿ ಭಾರತದಲ್ಲೂ ಆಸ್ಟ್ರೇಲಿಯದಲ್ಲೂ ವಾಯುಭಾರ ಮಾಮೂಲಿಗಿಂತ ಮೇಲಿತ್ತು. ಮೈಸೂರು ಸೀಮೆಯಲ್ಲಿ ಅದು ಧಾತು, ಈಶ್ವರ ಸಂವತ್ಸರಗಳ ಕ್ಷಾಮದ ಕಾಲ. ಅಂಥ ವರ್ಷಗಳನ್ನು ಇನ್ನೂ ಹಿಂದಕ್ಕೆ ಹೋಗಿ ಗುರುತಿಸಬೇಕಾದರೆ ಈ ಲೆಕ್ಕ ತಪ್ಪುವಂತಿಲ್ಲ.

ಮೂರನೆಯದು ಗಂಟೆ. ಉಷ್ಣವಲಯದಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ವಾಯುಭಾರ ಏರಿ, ಸಂಜೆ ನಾಲ್ಕರ ಹೊತ್ತಿಗೆ 3-4 ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಹತ್ತು ಗಂಟೆಯ ಓದು ಮಾತ್ರ ಸಿಕ್ಕಿದ್ದರೆ ಅದನ್ನೇ ದಿನದ ಸರಾಸರಿ ಎನ್ನಬಾರದು. ಮುಂದಿನ ಕಾಲದ ಗಂಟೆಗಂಟೆಯ ದಾಖಲೆಯಿಂದ ತಿಂಗಳುವಾರು ಏರಿಳಿತ ತೆಗೆದು, ಆ ವ್ಯತ್ಯಾಸವನ್ನು ಕಳೆಯಬೇಕು.

ಪುಸ್ತಕದಲ್ಲಿದ್ದ ಅಂಕಿಯನ್ನು ಹಾಗೆಯೇ ಒಂದು ಕಂಬಸಾಲಿನಲ್ಲಿ ಉಳಿಸಿಕೊಂಡು, ಪ್ರತಿ ತಿದ್ದುಪಡಿಯನ್ನೂ ಬೇರೆ ಕಂಬಸಾಲಿನಲ್ಲಿಡಿ. ಇಂಚನ್ನು 33.8639ರಿಂದ ಗುಣಿಸಿದರೆ ಹೆಕ್ಟೊಪಾಸ್ಕಲ್. ಅಚ್ಚಾದ ಅಂಕಿಗೆ ಉಷ್ಣತೆಯ ತಿದ್ದುಪಡಿ ಮೊದಲೇ ಆಗಿದೆಯೋ ಇಲ್ಲವೋ ಎಂಬುದೇ ಎಲ್ಲಕ್ಕಿಂತ ಕಠಿಣ. ಎರಡು ಸಲ ಕಳೆದರೆ ಸರಣಿಯೇ 5 ಹೆಕ್ಟೊಪಾಸ್ಕಲ್ ಕುಸಿಯುತ್ತದೆ. ಇದಕ್ಕೊಂದು ಒಳ್ಳೆಯ ಸುಳಿವಿದೆ: ಪ್ರತಿ ಡಿಗ್ರಿಗೆ ತಪ್ಪು 0.165 ಹೆಕ್ಟೊಪಾಸ್ಕಲ್. ಮೇ ತಿಂಗಳು ಜನವರಿಗಿಂತ 8 ಡಿಗ್ರಿ ಬಿಸಿ ಎಂದುಕೊಂಡರೆ, ತಿದ್ದದ ದಾಖಲೆಯಲ್ಲಿ ಎರಡು ತಿಂಗಳ ಅಂತರ ಸುಮಾರು 1.3 ಹೆಕ್ಟೊಪಾಸ್ಕಲ್ ಕುಗ್ಗಿ ಕಾಣುತ್ತದೆ. ಬೇಸಗೆಯಲ್ಲಿ ವಾಯುಭಾರದ ಇಳಿಕೆ ಸಪ್ಪೆಯಾಗಿದ್ದರೆ ಅನುಮಾನಪಡಿ.

ಎತ್ತರ ಹೆಚ್ಚಿದಂತೆ ವಾಯುಭಾರ ಕಡಿಮೆಯಾಗುವುದರಿಂದ, ಓದನ್ನು ಸಮುದ್ರಮಟ್ಟದ ಬೆಲೆಗೆ ತರಬೇಕಾಗುತ್ತದೆ. ಮದರಾಸಿನಲ್ಲಿ ಅದು ಸುಲಭ, ಎಂಟೊಂಬತ್ತು ಮೀಟರಿಗೆ 1 ಹೆಕ್ಟೊಪಾಸ್ಕಲ್. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿಗಾದರೆ ನೂರು ಹೆಕ್ಟೊಪಾಸ್ಕಲಿನಷ್ಟು ಸೇರಿಸಬೇಕು. ಅಲ್ಲಿ ಸ್ಥಳದ ವಾಯುಭಾರವನ್ನೇ ಇಟ್ಟುಕೊಳ್ಳುವುದು ಮೇಲು.

ಕೊಳವೆಯೊಳಗೆ ಗಾಳಿ ನುಸುಳಿದ್ದರೆ ಓದು ಮೆಲ್ಲಮೆಲ್ಲನೆ ಇಳಿಯುತ್ತ ಹೋಗಿ, ಉಪಕರಣ ಬದಲಿಸಿದ ದಿನ ಥಟ್ಟನೆ ಮೇಲೇರುತ್ತದೆ. ಅಕ್ಕಪಕ್ಕದ ಊರಿನ ದಾಖಲೆಯ ಜೊತೆಗಿಟ್ಟು ನೋಡಿದರೆ ಈ ಮೆಟ್ಟಿಲು ಎದ್ದು ಕಾಣುತ್ತದೆ. 29.86ನ್ನು 29.68 ಎಂದು ನಕಲು ಮಾಡಿದ್ದೂ ಹಿಂದುಮುಂದಿನ ದಿನಗಳ ನಡುವೆ ಸಿಕ್ಕಿಬೀಳುತ್ತದೆ. ಆದರೆ ದೊಡ್ಡ ಇಳಿತಗಳನ್ನೆಲ್ಲ ಕಂಪ್ಯೂಟರಿಗೆ ಹೇಳಿ ಅಳಿಸಿಹಾಕಬೇಡಿ. ಅಕ್ಟೋಬರಿನಿಂದ ಡಿಸೆಂಬರಿನವರೆಗಂತೂ ಪಕ್ಕದಲ್ಲಿ ಬರೆದ ಗಾಳಿ, ಮಳೆಯ ಟಿಪ್ಪಣಿ ಓದಿ. 1836ರ ಅಕ್ಟೋಬರ್ 30ರ ಕುಸಿತ ಬರವಣಿಗೆಯ ತಪ್ಪಲ್ಲ, ಅಂದು ಮದರಾಸಿಗೆ ಚಂಡಮಾರುತ ಬಡಿದಿತ್ತು.