ಮುಯ್ ನೆ ಕಡಲ ತೀರದಲ್ಲಿ ರೂಮು ಹುಡುಕುವವರಿಗೆ

ವಿಯೆಟ್ನಾಮಿನ ಮುಯ್ ನೆಗೆ ಹೊರಟವರು ಮೊದಲು ಹೋಟೆಲ್ ಹುಡುಕಬೇಡಿ. ಮೊದಲು ರಸ್ತೆಯ ಯಾವ ತುಂಡಿನಲ್ಲಿ ಇರಬೇಕು ಅಂತ ತೀರ್ಮಾನ ಮಾಡಿ. ಸ್ಟಾರ್ ಎಷ್ಟು, ಈಜುಕೊಳ ಎಷ್ಟು ದೊಡ್ಡದು, ಬೆಳಗಿನ ತಿಂಡಿ ಸೇರಿದೆಯಾ ಅನ್ನುವುದೆಲ್ಲ ಆಮೇಲಿನ ಮಾತು. ಇಲ್ಲಿ ಒಂದೇ ದರದ ಎರಡು ರೆಸಾರ್ಟ್‌ಗಳಲ್ಲಿ ಒಂದರ ಮುಂದೆ ಮಕ್ಕಳು ಓಡಾಡುವಷ್ಟು ಮರಳು ಇರುತ್ತದೆ. ಇನ್ನೊಂದರ ಮುಂದೆ ಬರೀ ಕಾಂಕ್ರೀಟ್ ಗೋಡೆ, ಅದಕ್ಕೆ ಬಡಿಯುವ ಅಲೆ.

ಊರಿನ ನಕ್ಷೆ ಸುಲಭ. ಹೋ ಚಿ ಮಿನ್ ಸಿಟಿಯಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿ ಫಾನ್ ಥಿಯೆಟ್ ಅನ್ನುವ ಮೀನುಗಾರರ ಪೇಟೆ ಇದೆ. ಅಲ್ಲಿಂದ ಕಡಲ ಅಂಚಿನಲ್ಲೇ ಹೋದರೆ ಹಾಮ್ ತಿಯೆನ್ ಸಿಗುತ್ತದೆ. ಅದನ್ನೂ ದಾಟಿದರೆ ನಿಜವಾದ ಮುಯ್ ನೆ ಹಳ್ಳಿ. ಪ್ರವಾಸಿಗಳು ಮುಯ್ ನೆ ಅಂತ ಕರೆಯುವುದು ಹೆಚ್ಚಾಗಿ ನಡುವಿನ ಹಾಮ್ ತಿಯೆನ್ ಭಾಗವನ್ನೇ. ನ್ಗುಯೆನ್ ದಿನ್ ಚಿಯೆವ್ ಅನ್ನುವ ಒಂದೇ ಉದ್ದ ರಸ್ತೆ, ಅದರ ಒಂದು ಕಡೆ ಕಡಲು, ಇನ್ನೊಂದು ಕಡೆ ದಿಬ್ಬ. ಹೋಟೆಲ್, ಊಟದ ಅಂಗಡಿ, ಮಸಾಜ್, ಟೂರ್ ಆಫೀಸು ಎಲ್ಲ ಇದರ ಮೇಲೇ ಕಿಲೋಮೀಟರ್‌ಗಟ್ಟಲೆ ಹರಡಿಕೊಂಡಿವೆ.

1995ರ ಅಕ್ಟೋಬರ್ 24ರಂದು ಖಗ್ರಾಸ ಸೂರ್ಯಗ್ರಹಣ ಆಗಿತ್ತು. ನಮ್ಮ ರಾಜಸ್ಥಾನದಲ್ಲಿ, ಬಂಗಾಳದ ಡೈಮಂಡ್ ಹಾರ್ಬರ್‌ನಲ್ಲಿ ಜನ ನೋಡಿದ ಅದೇ ಗ್ರಹಣ. ಅದನ್ನು ನೋಡಲು ಈ ಕಡೆಗೂ ಹೊರಗಿನವರು ಬಂದರು, ತೀರ ಅವರ ಕಣ್ಣಿಗೆ ಬಿತ್ತು. ಆಮೇಲೆ ರೆಸಾರ್ಟ್‌ಗಳು ಸಾಲಾಗಿ ಎದ್ದವು. ರಸ್ತೆಯಿಂದ ಕಡಲವರೆಗೆ ಉದ್ದಕ್ಕೆ, ಅಗಲ ಕಡಿಮೆ ಇರುವ ಜಾಗಗಳು. ಒಂದರ ಪಕ್ಕಕ್ಕೆ ಒಂದು ಅಂಟಿಕೊಂಡಿವೆ. ಹಾಗಾಗಿ ಎಷ್ಟೋ ಕಡೆ ರಸ್ತೆಯಲ್ಲಿ ನಿಂತರೆ ಕಡಲು ಕಾಣುವುದೇ ಇಲ್ಲ. ರಸ್ತೆಯ ಆಚೆ ಬದಿಯಲ್ಲಿ ಅಗ್ಗದ ರೂಮು ಹಿಡಿದವರು ಇದನ್ನು ಮರೆಯಬಾರದು. "ಬೀಚಿಗೆ ಎರಡು ನಿಮಿಷ" ಅಂತ ಬರೆದಿರುತ್ತಾರೆ. ಕಡಲಿಗೆ ಇಳಿಯುವ ಓಣಿ ಎಲ್ಲಿದೆ ಅಂತ ಕೇಳಿಕೊಳ್ಳಿ. ಆ ಓಣಿ ದೂರ ಇದ್ದರೆ ದಿನಾ ಬಿಸಿಲಲ್ಲಿ, ಟ್ರಾಫಿಕ್ ಪಕ್ಕದಲ್ಲಿ ಮಕ್ಕಳ ಕೈ ಹಿಡಿದು ನಡೆಯಬೇಕಾಗುತ್ತದೆ.

ಈಗ ಮುಖ್ಯ ವಿಷಯ, ಮರಳು. ಉಳ್ಳಾಲ, ಮರವಂತೆ ಕಡೆಯವರಿಗೆ ಕಡಲ್ಕೊರೆತ ಹೊಸದಲ್ಲ. ಹಾಮ್ ತಿಯೆನ್‌ನಲ್ಲೂ ಅದೇ ಕಥೆ. ಕಡಲು ದಂಡೆಯನ್ನು ಕೊರೆದಂತೆ ಒಬ್ಬೊಬ್ಬ ಮಾಲೀಕರೂ ತಮ್ಮ ಜಾಗದ ಮುಂದೆ ಗೋಡೆ ಕಟ್ಟಿದ್ದಾರೆ, ಮರಳಿನ ಚೀಲ ಜೋಡಿಸಿದ್ದಾರೆ. ಇಳಿತದ ಹೊತ್ತಿಗೆ ಗೋಡೆಯ ಕೆಳಗೆ ಒಳ್ಳೆಯ ದಂಡೆ ಕಾಣುತ್ತದೆ, ಫೋಟೊ ತೆಗೆಯುವುದು ಆಗಲೇ. ಉಬ್ಬರ ಬಂದಾಗ ಕೆಲವು ಕಡೆ ಏನೂ ಉಳಿಯುವುದಿಲ್ಲ. ನಾವು ಮೊದಲು ಇಳಿದ ರೆಸಾರ್ಟ್‌ನ ಫೋಟೊದಲ್ಲಿ ತೆಂಗಿನ ಮರಗಳ ಮುಂದೆ ಅಗಲವಾದ ಮರಳಿತ್ತು. ನಿಜದಲ್ಲಿ ಮಧ್ಯಾಹ್ನದ ಮೇಲೆ ಅಲೆ ಮೆಟ್ಟಿಲ ಮೇಲೇ ಒಡೆಯುತ್ತಿತ್ತು. ಅಮ್ಮನಿಗೆ ಆ ಒದ್ದೆ ಮೆಟ್ಟಿಲು ಇಳಿಯಲು ಆಗಲೇ ಇಲ್ಲ. ಕೈ ಹಿಡಿಯಲು ಕಂಬಿಯೂ ಇರಲಿಲ್ಲ. ಬುಕ್ ಮಾಡುವಾಗ ಇದನ್ನು ಯಾರೂ ಹೇಳುವುದಿಲ್ಲ, ನಾವೇ ಕೇಳಬೇಕು.

ಹೇಗೆ ಕೇಳುವುದು? ಹೋಟೆಲಿಗೆ ಮೆಸೇಜ್ ಹಾಕಿ. ಉಬ್ಬರದ ಹೊತ್ತಿನಲ್ಲಿ ಈ ವಾರ ತೆಗೆದ ವಿಡಿಯೊ ಕಳಿಸಿ ಅನ್ನಿ. ಒಳ್ಳೆಯವರು ಕಳಿಸುತ್ತಾರೆ. ಗ್ರಾಹಕರು ಹಾಕಿದ ಫೋಟೊಗಳಲ್ಲಿ ನೀವು ಹೋಗುವ ತಿಂಗಳಿನವನ್ನು ಮಾತ್ರ ನೋಡಿ. ಬೇರೆ ತಿಂಗಳ ಫೋಟೊ ಸುಮ್ನೆ ದಾರಿ ತಪ್ಪಿಸುತ್ತದೆ, ಯಾಕೆಂದರೆ ಮರಳು ಗಾಳಿ ಬದಲಾದಂತೆ ಅತ್ತಿತ್ತ ಸರಿಯುತ್ತದೆ. ಒಂದು ಕಾಲದಲ್ಲಿ ಇದ್ದ ದಂಡೆ ಇನ್ನೊಂದು ಕಾಲದಲ್ಲಿ ಇರುವುದಿಲ್ಲ.

ತಿಂಗಳ ವಿಚಾರದಲ್ಲಿ ನಮ್ಮವರು ಎಡವುವುದು ಸಹಜ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಕಡಲು ರೊಚ್ಚಿಗೇಳುತ್ತದೆ, ಡಿಸೆಂಬರ್, ಜನವರಿಯಲ್ಲಿ ಶಾಂತವಾಗಿರುತ್ತದೆ. ಮುಯ್ ನೆಯಲ್ಲಿ ಇದು ಉಲ್ಟಾ. ನವೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ. ಮಳೆ ಕಡಿಮೆ, ಆಕಾಶ ನೀಲಿ, ಆದರೆ ಗಾಳಿ ಜೋರು. ಸಾಮಾನ್ಯವಾಗಿ ಹತ್ತು ಹನ್ನೊಂದು ಗಂಟೆಯ ಮೇಲೆ ಎದ್ದರೆ ಸಂಜೆಯವರೆಗೂ ಬೀಸುತ್ತದೆ. ದೊಡ್ಡ ಗಾಳಿಪಟ ಹಿಡಿದು ಹಲಗೆಯ ಮೇಲೆ ನೀರಿನಲ್ಲಿ ಜಾರುವ ಕೈಟ್ ಸರ್ಫಿಂಗ್ ಆಡುವವರು ಬೇರೆ ಬೇರೆ ದೇಶಗಳಿಂದ ಇದಕ್ಕಾಗಿಯೇ ಬರುತ್ತಾರೆ. ಅವರಿಗೆ ಹಬ್ಬ. ನಮ್ಮ ಹಾಗೆ ಮಕ್ಕಳನ್ನು ನೀರಿಗೆ ಇಳಿಸಿ ದಡದಲ್ಲಿ ಕೂರುವವರಿಗೆ ಬೆಳಗಿನ ಹೊತ್ತು ಮಾತ್ರ ನೆಚ್ಚಬಹುದು. ಡಿಸೆಂಬರ್ ರಜೆಗೆ ಹೋಗುವುದಾದರೆ ಒಳ್ಳೆಯ ಈಜುಕೊಳ ಇರುವ ಜಾಗ ಹಿಡಿಯಿರಿ, ಕಡಲಿಗೆ ಬೆಳಗ್ಗೆ ಬೇಗ ಇಳಿಯಿರಿ. ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆಯಲ್ಲಿ ಗಾಳಿ ಇಳಿದಿರುತ್ತದೆ, ನೀರು ಶಾಂತ. ಸೆಕೆ ಜಾಸ್ತಿ, ಆದರೆ ಮಕ್ಕಳಿದ್ದರೆ ನನ್ನ ಆಯ್ಕೆ ಅದೇ. ಆಮೇಲೆ ಮಳೆಗಾಲ ಬಂದರೂ ಹೆದರಬೇಕಾಗಿಲ್ಲ. ವಿಯೆಟ್ನಾಮಿನಲ್ಲೇ ಕಡಿಮೆ ಮಳೆ ಬೀಳುವ ಭಾಗಗಳಲ್ಲಿ ಇದೂ ಒಂದು. ಮಳೆ ಬಂದರೂ ಹೆಚ್ಚಾಗಿ ಒಂದಿಷ್ಟು ಹೊತ್ತು ಸುರಿದು ನಿಲ್ಲುತ್ತದೆ.

ಇನ್ನು ರಸ್ತೆಯ ತುಂಡುಗಳು. ಫಾನ್ ಥಿಯೆಟ್ ಕಡೆಯಿಂದ ಬಂದಾಗ ಮೊದಲು ಸಿಗುವ ಭಾಗ ನನಗೆ ಇಷ್ಟ. ಇಲ್ಲಿ ಹಳೆಯ ರೆಸಾರ್ಟ್‌ಗಳಿವೆ, ಮರಗಳು ದೊಡ್ಡದಾಗಿವೆ, ಗದ್ದಲ ಕಡಿಮೆ. ವಯಸ್ಸಾದವರು, ಚಿಕ್ಕ ಮಕ್ಕಳು ಇರುವ ಕುಟುಂಬಕ್ಕೆ ಇದೇ ಸರಿ. ನಾವು ಮೊದಲ ಜಾಗ ಬಿಟ್ಟು ಬಂದದ್ದೂ ಇಲ್ಲಿಗೇ. ಅಮ್ಮ ಬೆಳಗ್ಗೆ ಬರಿಗಾಲಲ್ಲಿ ನಡೆದು ಬಂದು ಕಾಫಿ ಕುಡಿಯುವುದಕ್ಕೆ ಆಯಿತು. ಕೊರತೆ ಅಂದರೆ, ರಾತ್ರಿ ಊಟಕ್ಕೆ ಹತ್ತಿರದಲ್ಲಿ ಅಷ್ಟು ಅಂಗಡಿಗಳಿಲ್ಲ. ಟ್ಯಾಕ್ಸಿ ಕರೆಯುವ ಗ್ರ್ಯಾಬ್ ಆ್ಯಪ್ ಇಟ್ಟುಕೊಂಡರೆ ಅದು ಸಮಸ್ಯೆಯೇ ಅಲ್ಲ.

ನಡುಭಾಗ ಓಡಾಟದ ಜಾಗ. ಊಟದ ಅಂಗಡಿ, ಬಾರು, ಕೈಟ್ ಕಲಿಸುವ ಶಾಲೆ, ಬಾಡಿಗೆ ಸ್ಕೂಟರು ಎಲ್ಲ ಇಲ್ಲೇ. ರಷ್ಯನ್ನರು ವರ್ಷಗಳಿಂದ ಬರುವ ಜಾಗವಾದ್ದರಿಂದ ಬೋರ್ಡು, ಮೆನು ಎಷ್ಟೋ ಕಡೆ ರಷ್ಯನ್ ಭಾಷೆಯಲ್ಲಿವೆ. ಬೋ ಕೇ ಅನ್ನುವ ತಡೆಗೋಡೆಯ ಉದ್ದಕ್ಕೂ ಸಾಲು ಸಾಲು ಮೀನೂಟದ ಅಂಗಡಿಗಳು. ತೊಟ್ಟಿಯಲ್ಲಿ ಜೀವಂತ ಏಡಿ, ಸಿಗಡಿ ಇಟ್ಟಿರುತ್ತಾರೆ, ತೂಕ ಹಾಕಿ ಸುಟ್ಟುಕೊಡುತ್ತಾರೆ. ದರ ಕಿಲೋಗೆ ಎಷ್ಟು ಅಂತ ತೂಗುವ ಮೊದಲೇ ಕೇಳಿ, ತೂಕವನ್ನು ಕಣ್ಣಾರೆ ನೋಡಿ. ಭಾರತೀಯ ಊಟ ಸಿಗುವುದೂ ಈ ಭಾಗದಲ್ಲೇ. ಗೆಳೆಯರ ಗುಂಪಿಗೆ ನಡುಭಾಗ ಚೆನ್ನ. ಆದರೆ ಮಧ್ಯಾಹ್ನದ ಮೇಲೆ ನೀರಿನಲ್ಲಿ ಕೈಟ್‌ಗಳ ದಾರ, ಹಲಗೆ ಓಡಾಡುತ್ತಿರುತ್ತವೆ. ಅಲ್ಲಿ ಮಕ್ಕಳನ್ನು ಆ ಹೊತ್ತಿಗೆ ಈಜಲು ಬಿಡಲೇಬೇಡಿ.

ಮುಂದೆ ಹೋದರೆ ರಸ್ತೆಗೆ ಹುಯಿನ್ ಥುಕ್ ಖಾಂಗ್ ಅಂತ ಹೆಸರು, ಮುಯ್ ನೆ ಹಳ್ಳಿ ಬರುತ್ತದೆ. ಬಣ್ಣದ ದೋಣಿಗಳು, ಬಿದಿರು ಹೆಣೆದ ದುಂಡನೆಯ ತೆಪ್ಪಗಳು ತುಂಬಿದ ಬಂದರು. ಬೆಳಗ್ಗೆ ಮೀನು ಇಳಿಸುವಾಗ ನೋಡಬೇಕು, ನಮ್ಮ ಮಲ್ಪೆಯವರಿಗೂ ಖುಷಿಯಾಗುತ್ತದೆ. ಆದರೆ ಉಳಿಯಲು? ಫಾನ್ ಥಿಯೆಟ್ ಸುತ್ತಮುತ್ತಲಿನ ಭಾಗ ನ್ಯೊಕ್ ಮಾಮ್ ಅನ್ನುವ ಮೀನಿನ ಸಾಸ್‌ಗೆ ಹೆಸರುವಾಸಿ. ಮೀನನ್ನೂ ಉಪ್ಪನ್ನೂ ತಿಂಗಳುಗಟ್ಟಲೆ ಕೊಳೆಯಿಟ್ಟು ತಯಾರಿಸುತ್ತಾರೆ. ಆ ವಾಸನೆ, ಒಣಮೀನಿನ ವಾಸನೆ ಎರಡೂ ಗಾಳಿಯಲ್ಲಿ ಬರುತ್ತವೆ. ಅಭ್ಯಾಸ ಇಲ್ಲದವರಿಗೆ ಕಷ್ಟ. ಹಳ್ಳಿಯನ್ನೂ ದಾಟಿ ಹೋನ್ ರೋಮ್ ಕಡೆ ಹೋದರೆ ಮತ್ತೆ ನಿಶ್ಶಬ್ದ, ಕೆಂಪು ಮರಳು ದಿಬ್ಬ ಹತ್ತಿರ, ಅಂಗಡಿ ಕಡಿಮೆ. ಫಾನ್ ಥಿಯೆಟ್‌ನ ದಕ್ಷಿಣಕ್ಕೆ ಕೇ ಗಾ ದೀಪಸ್ತಂಭದ ಕಡೆಯೂ ರೆಸಾರ್ಟ್‌ಗಳಿವೆ. ಅಲ್ಲಿ ಉಳಿದರೆ ಊಟ, ತಿರುಗಾಟ ಎಲ್ಲಕ್ಕೂ ರೆಸಾರ್ಟನ್ನೇ ನಂಬಬೇಕು.

ವಿಳಾಸದ ಬಗ್ಗೆ ಒಂದು ಮಾತು. 2025ರ ಜುಲೈ 1ರಿಂದ, ಮುಯ್ ನೆ ಇದ್ದ ಬಿನ್ ಥುವಾನ್ ಪ್ರಾಂತ್ಯವನ್ನು ಲಾಮ್ ಡೋಂಗ್ ಪ್ರಾಂತ್ಯದ ಜೊತೆ ಸೇರಿಸಿದ್ದಾರೆ. ಹಾಗಾಗಿ ಒಂದೇ ಹೋಟೆಲ್ ಒಂದು ಕಡೆ ಬಿನ್ ಥುವಾನ್ ಅಂತಲೂ ಇನ್ನೊಂದು ಕಡೆ ಲಾಮ್ ಡೋಂಗ್ ಅಂತಲೂ ಕಾಣುತ್ತದೆ. ಲಾಮ್ ಡೋಂಗ್ ಅಂದ ಕೂಡಲೇ ಬೆಟ್ಟದ ಮೇಲಿನ ದಲಾತ್ ನೆನಪಾಗಿ ಗಾಬರಿ ಬೀಳಬೇಡಿ. ಹೆಸರು ಬಿಟ್ಟು ಮ್ಯಾಪ್ ನೋಡಿ ಬುಕ್ ಮಾಡಿ.

ರೂಮು ಆರಿಸುವಾಗ ಕಡಲ ಎದುರಿನ ಮೊದಲ ಸಾಲೇ ಬೇಕು ಅಂತ ಹಟ ಬೇಡ. ಗಾಳಿಯ ತಿಂಗಳಲ್ಲಿ ಮೊದಲ ಸಾಲಿನ ಬಾಗಿಲು ಕಿಟಕಿ ಅಲ್ಲಾಡುತ್ತಲೇ ಇರುತ್ತವೆ. ವರಾಂಡದಲ್ಲಿ ಕೂರಲು ಆಗುವುದಿಲ್ಲ. ತೋಟದ ನಡುವಿನ ಎರಡನೇ, ಮೂರನೇ ಸಾಲಿನ ಬಂಗಲೆ ಅಗ್ಗ, ನಿದ್ದೆಯೂ ಚೆನ್ನಾಗಿ ಬರುತ್ತದೆ. ತೀರಾ ಹಿಂದೆ, ರಸ್ತೆಗೆ ಅಂಟಿದ ರೂಮು ಮಾತ್ರ ಬೇಡ. ಸೂರ್ಯೋದಯಕ್ಕೆ ಬಿಳಿ ಮರಳು ದಿಬ್ಬಕ್ಕೆ ಹೋಗುವ ಜೀಪುಗಳು ನಸುಕಿನಲ್ಲೇ ಓಡಲು ಶುರು ಮಾಡುತ್ತವೆ.

ಸೈಗಾನ್‌ನಿಂದ (ಹೋ ಚಿ ಮಿನ್ ಸಿಟಿಯ ಹಳೆಯ ಹೆಸರು) ಬರುವ ದಾರಿ ಈಗ ಬದಲಾಗಿದೆ. 2023ರ ಏಪ್ರಿಲ್ ಕೊನೆಯಲ್ಲಿ ದಾವ್ ಜಾಯ್‌ನಿಂದ ಫಾನ್ ಥಿಯೆಟ್‌ಗೆ 99 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ನಾಲ್ಕೈದು ಗಂಟೆಯ ಕಾರಿನ ದಾರಿ ಅರ್ಧದಷ್ಟಾಯಿತು. ಇದರ ಇನ್ನೊಂದು ಮುಖ, ಶುಕ್ರವಾರ ಸಂಜೆಯಿಂದ ಸೈಗಾನ್ ಕುಟುಂಬಗಳೆಲ್ಲ ಇತ್ತ ಬರುತ್ತವೆ, ದರ ಏರುತ್ತದೆ. ಭಾನುವಾರ ಬಂದು ಗುರುವಾರ ಹೊರಡುವ ಹಾಗೆ ಯೋಜನೆ ಮಾಡಿದರೆ ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ಜಾಗ ಸಿಗುತ್ತದೆ. ಟೆಟ್ ಹೊಸ ವರ್ಷ, ಏಪ್ರಿಲ್ 30 ಮತ್ತು ಮೇ 1ರ ರಜೆ, ಸೆಪ್ಟೆಂಬರ್ 2ರ ಸುತ್ತ ಹೋಗದಿದ್ದರೆ ಒಳ್ಳೆಯದು. ಫಾನ್ ಥಿಯೆಟ್‌ಗೆ ರೈಲೂ ಇದೆ. ರಾತ್ರಿ ಬಂದರೆ ದಾರಿಯಲ್ಲಿ ಡ್ರ್ಯಾಗನ್ ಹಣ್ಣಿನ ತೋಟಗಳಲ್ಲಿ ಸಾವಿರಾರು ಬಲ್ಬು ಉರಿಯುವುದು ಕಾಣಬಹುದು. ಕಾಲವಲ್ಲದ ಕಾಲದಲ್ಲಿ ಹೂ ಬಿಡಿಸಲು ಬೆಳಕು ಕೊಡುತ್ತಾರೆ.

ಸ್ಕೂಟರ್ ವಿಷಯದಲ್ಲಿ ಜಾಗ್ರತೆ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಲೈಸೆನ್ಸ್ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಬಾಡಿಗೆ ಕೊಡುವವರು ಏನೂ ಕೇಳದೆ ಕೀಲಿ ಕೊಡುತ್ತಾರೆ, ಆದರೆ ಪೊಲೀಸರು ತಡೆದರೆ ದಂಡ. ಬಿದ್ದು ಪೆಟ್ಟಾದರೆ ಪ್ರವಾಸ ವಿಮೆಯವರು ಕೈ ಎತ್ತಬಹುದು. ಗ್ರ್ಯಾಬ್, ಟ್ಯಾಕ್ಸಿ, ಫಾನ್ ಥಿಯೆಟ್‌ಗೆ ಓಡಾಡುವ ಊರ ಬಸ್ಸು ಸಾಕು. ವೀಸಾ ಸರ್ಕಾರದ ಜಾಲತಾಣದಲ್ಲೇ ಮಾಡಿಕೊಳ್ಳಿ, ಒಂದು ಸಲ ಹೋಗಿಬರುವ ಇ-ವೀಸಾಗೆ 25 ಡಾಲರ್. ರೂಪಾಯಿಗೆ ಸುಮಾರು 300 ಡಾಂಗ್ ಅಂತ ಲೆಕ್ಕ ಇಟ್ಟುಕೊಳ್ಳಿ. 20,000 ಮತ್ತು 5,00,000ದ ನೋಟು ಎರಡೂ ನೀಲಿ, ಕತ್ತಲಲ್ಲಿ ಕೊಡುವಾಗ ಸೊನ್ನೆ ಎಣಿಸಿ.

ಸಸ್ಯಾಹಾರಿಗಳಿಗೆ: ಬರೀ "ಮಾಂಸ ಬೇಡ" ಅಂದರೆ ಸಾಲದು. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. "ಚಾಯ್" ಅನ್ನಿ, ಬೌದ್ಧರ ಶುದ್ಧ ಸಸ್ಯಾಹಾರಕ್ಕೆ ಅಲ್ಲಿ ಹಾಗೇ ಅನ್ನುವುದು. ಹಾಗೆ ಬರೆದ ಬೋರ್ಡಿನ ಅಂಗಡಿಗಳು ಫಾನ್ ಥಿಯೆಟ್ ಪೇಟೆಯಲ್ಲಿ ಸಿಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಅಲ್ಲಿಯ ತುಂಬಾ ಜನ ಮಾಂಸ ಬಿಡುತ್ತಾರೆ, ಆಗ ಇನ್ನೂ ಸುಲಭ. ರೂಮಿನಲ್ಲಿ ಕೆಟಲ್ ಇದೆಯಾ ಕೇಳಿ, ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ.

ಫಾನ್ ಥಿಯೆಟ್ ಕಡೆಯ ತುಂಡಿನಲ್ಲಿ ಉಳಿಯಿರಿ ಅನ್ನಲು ನನಗೆ ಇನ್ನೊಂದು ಕಾರಣ ಇದೆ, ಪೋ ಸಾ ಇನು. ಹಾಮ್ ತಿಯೆನ್‌ಗೂ ಪೇಟೆಗೂ ನಡುವಿನ ಗುಡ್ಡದ ಮೇಲೆ ಚಾಮ್ ಅನ್ನುವ ಜನಾಂಗದವರ ಎಂಟನೇ ಶತಮಾನದ ಸುಮಾರಿನ ಇಟ್ಟಿಗೆ ಗೋಪುರಗಳು. ಶಿವನಿಗೆ ಕಟ್ಟಿದ್ದು, ಒಳಗೆ ಲಿಂಗ ಇದೆ. ಜೀಪ್ ಟೂರ್‌ನವರು ಎಲ್ಲರನ್ನೂ ಮರಳು ದಿಬ್ಬಕ್ಕೆ ಕರೆದುಕೊಂಡು ಹೋಗುತ್ತಾರೆ, ಇಲ್ಲಿಗೆ ನಾವೇ ಹೋಗಬೇಕು. ಈ ಪ್ರಾಂತ್ಯದ ಚಾಮರಲ್ಲಿ ಹಿಂದೂ ಮೂಲದ ಆಚರಣೆ ಉಳಿಸಿಕೊಂಡವರು ಇಂದಿಗೂ ಇದ್ದಾರೆ. ಕಾಟೆ ಹಬ್ಬಕ್ಕೆ, ಹೆಚ್ಚಾಗಿ ಅಕ್ಟೋಬರ್ ಸುಮಾರಿಗೆ, ಇಲ್ಲಿ ಸೇರುತ್ತಾರೆ. ದಸರಾ ರಜೆಯಲ್ಲಿ ಹೋಗುವವರು ಆ ವರ್ಷದ ದಿನಾಂಕ ನೋಡಿಕೊಂಡರೆ ಹಬ್ಬವೇ ಸಿಗಬಹುದು. ಅಮ್ಮ ಅಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು, ಬಹಳ ಹೊತ್ತು ಕೂತರು. ಸಂಜೆ ನಾಲ್ಕರ ಮೇಲೆ ಹೋಗಿ, ಇಟ್ಟಿಗೆಯ ಕೆಂಪು ಆಗ ಎದ್ದು ಕಾಣುತ್ತದೆ, ಕೆಳಗೆ ಕಡಲೂ ಕಾಣುತ್ತದೆ.

ವಾಪಸ್ ಬರುವಾಗ ವಿಮಾನದ ದಿನವೇ ಮುಯ್ ನೆಯಿಂದ ಹೊರಡಬೇಡಿ, ಅದರಲ್ಲೂ ಭಾನುವಾರ ಮಧ್ಯಾಹ್ನ. ಸೈಗಾನ್‌ಗೆ ಮರಳುವ ಕಾರುಗಳೆಲ್ಲ ಆಗ ಅದೇ ಎಕ್ಸ್‌ಪ್ರೆಸ್‌ವೇಗೆ ಇಳಿದಿರುತ್ತವೆ. ಹಿಂದಿನ ರಾತ್ರಿಯೇ ಬಂದು ವಿಮಾನ ನಿಲ್ದಾಣದ ಹತ್ತಿರ ರೂಮು ಮಾಡಿ ಮಲಗಿ. ನಿಲ್ದಾಣ ಊರೊಳಗೇ ಇದೆ, ಹತ್ತಿರದ ಓಣಿಗಳಲ್ಲಿ ಚಿಕ್ಕ ಹೋಟೆಲುಗಳು ಬೇಕಾದಷ್ಟಿವೆ.