ಸಾಲ, ಲಾಭ ಮತ್ತು ಮೂರು ಚುಕ್ಕಿ

ಪಿಎಚ್‌ಡಿಗೆಂದು ಮಾಡಿದ ಮೊದಲ ರಿಗ್ರೆಶನ್‌ನಲ್ಲೇ (ಒಂದು ಅಂಕಿ ಏರಿಳಿದಾಗ ಇನ್ನೊಂದು ಎಷ್ಟು ಏರಿಳಿಯುತ್ತದೆ ಎಂಬ ಲೆಕ್ಕ) ನನಗೆ ಮೂರು ಚುಕ್ಕಿ ಸಿಕ್ಕಿದ್ದವು. ಬರೀ ಆಕಸ್ಮಿಕದಿಂದ ಇಂಥ ಫಲಿತಾಂಶ ಬರುವುದು ತೀರಾ ಅಪರೂಪ ಎಂಬ ಗುರುತು ಅದು. ಷೇರುಪೇಟೆಯ 300 ಕಂಪನಿ, 2010ರಿಂದ 10 ವರ್ಷ, ಒಟ್ಟು 3,000 ಸಾಲು (ಸಾಲವಲ್ಲ, ಸಾಲು). ಸಾಲ ಹೆಚ್ಚಿದ್ದಲ್ಲಿ ಲಾಭ ಕಡಿಮೆ. ಕಲಬುರಗಿಯ ಏಪ್ರಿಲ್, ಕೂಲರ್‌ಗೆ ನೀರು ಸುರಿದು ಬಂದು ಮತ್ತೆ ನೋಡಿದೆ. ಚುಕ್ಕಿಗಳು ಅಲ್ಲೇ ಇದ್ದವು.

ಸಾಲವೇ ಲಾಭವನ್ನು ತಿನ್ನುತ್ತದೆ ಎಂದು ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುವ ನಮ್ಮ ಕಾಕಾ ಅವರಿಗೆ ಹೇಳಿದೆ. ಕನ್ನಡಕ ಹಣೆಗೇರಿಸಿದರು. “ತಮ್ಮಾ, ಕೈಯಲ್ಲಿ ಲಾಭ ಇದ್ದವನು ಬ್ಯಾಂಕಿಗೆ ಯಾಕೆ ಹೋಗುತ್ತಾನೆ? ನೀನು ಉಲ್ಟಾ ಓದಿದ್ದೀಯ.”

1984ರಲ್ಲಿ ಸ್ಟೀವರ್ಟ್ ಮೈಯರ್ಸ್ ಮಂಡಿಸಿದ ಪೆಕಿಂಗ್ ಆರ್ಡರ್ ವಾದವೂ ಅದೇ: ಮೊದಲು ಸ್ವಂತ ಲಾಭ, ಅದು ಸಾಲದೇ ಹೋದರೆ ಸಾಲ, ಕಡೆಗೆ ಹೊಸ ಷೇರು. ನಾನು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅಷ್ಟೇ.

ಫಿಕ್ಸೆಡ್ ಎಫೆಕ್ಟ್ಸ್ ಹಾಕಿದೆ. ಆಗ ಒಂದು ಕಂಪನಿಯನ್ನು ಇನ್ನೊಂದರ ಜೊತೆಗಲ್ಲ, ಅದರದೇ ಬೇರೆ ವರ್ಷಗಳ ಜೊತೆ ಹೋಲಿಸಿದಂತಾಗುತ್ತದೆ. ಮಾಲೀಕನ ಜಾಣತನದಂಥ, ವರ್ಷದಿಂದ ವರ್ಷಕ್ಕೆ ಬದಲಾಗದ ಸಂಗತಿಗಳು ಕಳೆದುಹೋಗುತ್ತವೆ. ಕಾಕಾ ಅವರ ಪ್ರಶ್ನೆ ಮಾತ್ರ ಕಳೆಯುವುದಿಲ್ಲ.

ಆಮೇಲೆ ಮಿಚೆಲ್ ಪೀಟರ್ಸನ್ ಅವರ 2009ರ ಪ್ರಬಂಧ ಓದಿದೆ. ಒಂದೇ ಮಿಲ್ಲಿನ ಹತ್ತು ವರ್ಷದ ಖಾತೆ ಪುಸ್ತಕ ಹತ್ತು ಮಿಲ್ಲುಗಳ ಸಾಕ್ಷಿಯಲ್ಲ. ಈ ವರ್ಷದ ಪೆಟ್ಟು ಮುಂದಿನ ವರ್ಷಕ್ಕೂ ಹರಿಯುತ್ತದೆ. ಕಂಪನಿವಾರು ಕ್ಲಸ್ಟರ್ ಮಾಡಿದೆ, ಅಂದರೆ ಒಂದೇ ಕಂಪನಿಯ ಸಾಲುಗಳನ್ನು ಒಂದು ಗುಂಪೆಂದು ಎಣಿಸಿದೆ. ಸಾಲ-ಲಾಭದ ನಂಟನ್ನು ಅಳೆಯುವ ಗುಣಾಂಕ ಒಂದು ದಶಾಂಶವೂ ಅಲುಗಲಿಲ್ಲ, ಆ ಅಂದಾಜು ಎಷ್ಟು ಹೊಯ್ದಾಡಬಹುದೆಂದು ಹೇಳುವ ಸ್ಟ್ಯಾಂಡರ್ಡ್ ಎರರ್ ಮಾತ್ರ ಉಬ್ಬಿತು. ಉಳಿದದ್ದು ಒಂದು ಚುಕ್ಕಿ. ಆ ರಾತ್ರಿ ಊಟ ಸೇರಲಿಲ್ಲ.

ಈ ನಡುವೆ ವಿಕ್ರಾಂತ್ ವಿಗ್ ಅವರ 2013ರ ಪ್ರಬಂಧ ಸಿಕ್ಕಿತು. ಕೋರ್ಟಿನ ಮೆಟ್ಟಿಲು ಹತ್ತದೆಯೇ ಬ್ಯಾಂಕು ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ದಾರಿ ಮಾಡಿದ 2002ರ ಸರ್ಫೇಸಿ ಕಾಯ್ದೆಯನ್ನು ಅವರು ಹಿಡಿದಿದ್ದರು. ಸ್ಥಿರಾಸ್ತಿ ಹೆಚ್ಚಿದ್ದ ಕಂಪನಿಗಳನ್ನು ಕಡಿಮೆ ಇದ್ದವುಗಳ ಜೊತೆ ಹೋಲಿಸಿದ್ದರು: ಕಾಯ್ದೆಯ ಮುಂಚೆ, ನಂತರ. ಬ್ಯಾಂಕಿಗೆ ಧೈರ್ಯ ಬಂದರೆ ಸಾಲ ಹೆಚ್ಚಬೇಕೆಂದು ನಾನು ಎಣಿಸಿದ್ದೆ. ಅಡಮಾನದ ಸಾಲ ಇಳಿದಿತ್ತು. ಕಾಕಾ ಅವರಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ: “ಬೀಗ ಜಡಿಯುತ್ತಾರೆಂದು ಗೊತ್ತಾದ ಮೇಲೆ ಮಿಲ್ಲು ಅಡ ಇಡುವವರು ಯಾರು?”

ನನ್ನ ದತ್ತಾಂಶಕ್ಕೆ 2002 ಎಟುಕುವುದಿಲ್ಲ. ಹಾಗಾಗಿ ಅಂಥದ್ದೇ ಮುಂಚೆ-ನಂತರದ ಹೋಲಿಕೆಗೆ 2016ರ ದಿವಾಳಿ ಸಂಹಿತೆಯನ್ನು ಹಿಡಿದೆ. ಮೊನ್ನೆ ಚಹಾ ಕುಡಿಯುತ್ತಾ ಉತ್ಸಾಹದಿಂದ ವಿವರಿಸಿದೆ. ಕಾಕಾ ಬಸಿಯಲ್ಲಿದ್ದ ಚಹಾ ಊದಿ, ಒಂದು ಗುಟುಕು ಕುಡಿದು ಕೇಳಿದರು:

“ನೋಟು ರದ್ದಾದದ್ದೂ ಅದೇ ವರ್ಷ ಅಲ್ಲವೇ?”