ಪಿಆರ್ ಎಲ್ಲಿ ಬೇಗ ಆಗುತ್ತೆ? ಇದೇ ಕೊನೇ ಸಲ ಹೇಳ್ತಿರೋದು

ಭಾನುವಾರ ಬೆಳಿಗ್ಗೆ ಫೋನ್ ಬಂದರೆ ಎತ್ತುವ ಮೊದಲೇ ಗೊತ್ತಾಗುತ್ತದೆ. ದೂರದ ನೆಂಟರು. ಮಗನದ್ದೋ ಮಗಳದ್ದೋ ಬಿ.ಇ. ಮುಗಿಯುತ್ತಿದೆ. ‘ಕೆನಡಾ ಒಳ್ಳೇದಾ, ಜರ್ಮನಿ ಒಳ್ಳೇದಾ? ಎಲ್ಲಿ ಪಿಆರ್ ಬೇಗ ಆಗುತ್ತೆ?’ ನಾನು ಜರ್ಮನಿಯಲ್ಲಿ ಎಂ.ಎಸ್. ಮಾಡಿ ಅಲ್ಲೇ ಕೆಲಸಕ್ಕೆ ಸೇರಿದವಳು. ಪಿಆರ್, ಅಂದರೆ ಅಲ್ಲೇ ಕಾಯಂ ಆಗಿ ಇರುವ ಅನುಮತಿ, ಕೈಗೆ ಬಂದ ದಿನದಿಂದ ನಮ್ಮ ವಂಶಕ್ಕೆಲ್ಲ ವಲಸೆ ಇಲಾಖೆ ನಾನೇ.

ಮೊದಲು ಆ ‘ಆಗುತ್ತೆ’ ವಿಷಯ. ಕಳೆದ ವರ್ಷ ದಾವಣಗೆರೆಯಲ್ಲಿ ಒಂದು ಮದುವೆ. ಎಲೆ ಮುಂದೆ ಕೂತಿದ್ದೆ, ಹೋಳಿಗೆಗೆ ತುಪ್ಪ ಬೀಳುವ ಹೊತ್ತು. ಪಕ್ಕದಲ್ಲಿ ಅಪ್ಪನ ಪರಿಚಯದ ಹಿರಿಯರೊಬ್ಬರು. ‘ಯಾವ ಕಡೆ ಬೇಗ ಆಗ್ತತಿ ಅಷ್ಟು ಹೇಳವ್ವ, ಅಲ್ಲಿಗೇ ದುಡ್ಡು ಕಟ್ತೀನಿ’ ಅಂದರು. ಯಾವ ಲೇಔಟಲ್ಲಿ ಸೈಟು ಬೇಗ ರಿಜಿಸ್ಟರ್ ಆಗುತ್ತೆ ಎಂದು ಕೇಳುತ್ತಾರಲ್ಲ, ಅದೇ ದನಿ. ಹುಡುಗ ಎದುರು ಸಾಲಿನಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದ. ಏನು ಓದಬೇಕು ಅಂತಿದ್ದಾನೆ ಅಂತ ಕೇಳಿದೆ. ‘ಅದು ಯಾವುದಾದ್ರೂ ಆದೀತು.’

ಕೆನಡಾದಲ್ಲಿ ಒಂದು ಕಾಲಕ್ಕೆ ಯಾವುದಾದರೂ ಆಗುತ್ತಿತ್ತು, ನಿಜ. ಎರಡು ವರ್ಷದ ಯಾವುದೋ ಡಿಪ್ಲೊಮಾ, ಮೂರು ವರ್ಷದ ವರ್ಕ್ ಪರ್ಮಿಟ್, ಅಲ್ಲಿಂದ ಪಿಆರ್. 2024ರ ಜನವರಿಯಲ್ಲಿ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿದರು. ಅದೇ ತಿಂಗಳಿಂದ ಖರ್ಚಿಗೆ ತೋರಿಸಬೇಕಾದ ಹಣ 10,000 ಡಾಲರಿನಿಂದ 20,635ಕ್ಕೆ ಹೋಯಿತು. ನವೆಂಬರಿನಲ್ಲಿ ಕಾಲೇಜು ಡಿಪ್ಲೊಮಾಗಳಿಗೆ ಒಂದು ಪಟ್ಟಿ ಬಂತು. ಆಮೇಲೆ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದವರ ವಿಷಯ ಪಟ್ಟಿಯಲ್ಲಿ ಇಲ್ಲದಿದ್ದರೆ ಓದಿನ ನಂತರದ ವರ್ಕ್ ಪರ್ಮಿಟ್ ಇಲ್ಲ. 2025ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಅಂಕ ನೋಡಿ ಪಿಆರ್‌ಗೆ ಕರೆಯುವ ವ್ಯವಸ್ಥೆಯಲ್ಲಿ, ಜಾಬ್ ಆಫರ್‌ಗೆ ಸಿಗುತ್ತಿದ್ದ ಅಂಕಗಳೂ ಹೋದವು. ಒಂದು ಡಿಪ್ಲೊಮಾ ಮುಗಿಯುವುದರೊಳಗೆ ಇಷ್ಟೆಲ್ಲ. ಹತ್ತುವಾಗ ಬಸ್ಸಿಗಿದ್ದ ಬೋರ್ಡು ಇಳಿಯುವಾಗ ಇರಲಿಲ್ಲ.

‘ಹಾಗಾದ್ರೆ ಜರ್ಮನಿನೇ ಸರಿ, ಓದು ಫ್ರೀ ಅಲ್ವಾ?’ ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸಿಲ್ಲ, ಸರಿ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ವೀಸಾ ಬೇಕಾದರೆ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕು. ತಿಂಗಳಿಗೆ 992 ಮಾತ್ರ ಕೈಗೆ ಸಿಗುತ್ತದೆ, ನಮ್ಮದೇ ದುಡ್ಡು. ನಮ್ಮ ಡಿಗ್ರಿ, ಮಾರ್ಕ್ಸ್ ಕಾರ್ಡು ಅಸಲಿ ಎಂದು ಪರೀಕ್ಷಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಬೇರೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ನನಗೆ ಅದರಲ್ಲಿ ಹನ್ನೊಂದು ತಿಂಗಳು ಹೋಯಿತು. ಆ ಹನ್ನೊಂದು ತಿಂಗಳ ಬಗ್ಗೆ ಇವತ್ತಿನವರೆಗೆ ಒಂದು ಫೋನೂ ಬಂದಿಲ್ಲ.

ಬಂದಿದ್ದರೆ ಹೇಳುತ್ತಿದ್ದೆ. ನಾನು ಓದಿದ್ದು ಇಂಗ್ಲಿಷಿನಲ್ಲಿ. ರೂಮಿನಲ್ಲಿ ಇದ್ದವರೆಲ್ಲ ನಮ್ಮ ದೇಶದವರು. ಎರಡು ವರ್ಷಕ್ಕೆ ನನ್ನ ಜರ್ಮನ್ ಬ್ರೆಡ್ಡಿನ ಅಂಗಡಿ ದಾಟಿರಲಿಲ್ಲ. ಇಂಟರ್‌ವ್ಯೂಗಳಲ್ಲಿ ಕೆಲಸದ ಪ್ರಶ್ನೆಗೆಲ್ಲ ಉತ್ತರ ಹೇಳಿ, ಕೊನೆಯಲ್ಲಿ ಸುಮ್ನೆ ಹವಾಮಾನದ ಬಗ್ಗೆ ಕೇಳಿದಾಗ ತೊದಲುತ್ತಿದ್ದೆ. ಆಮೇಲೆ ಸಂಜೆ ಕ್ಲಾಸಿಗೆ ಸೇರಿದೆ. ಅದರ ಲೆಕ್ಕವೂ ಇದೆ, ಬರೆದುಕೊಳ್ಳಿ: ಬ್ಲೂ ಕಾರ್ಡ್, ಅಂದರೆ ಡಿಗ್ರಿ ಓದಿ ಕೆಲಸ ಸಿಕ್ಕವರಿಗೆ ಕೊಡುವ ಪರ್ಮಿಟ್, ಇದ್ದವರಿಗೆ ಎ1 ಮಟ್ಟದ, ಅಂದರೆ ತೀರಾ ಆರಂಭದ ಜರ್ಮನ್ ಬಂದರೆ 27 ತಿಂಗಳಿಗೆ ಪಿಆರ್, ಅದಕ್ಕಿಂತ ಎರಡು ಮೆಟ್ಟಿಲು ಮೇಲಿನ ಬಿ1 ಬಂದರೆ 21ಕ್ಕೆ. ಬೇಗ ಬೇಗ ಎನ್ನುತ್ತೀರಲ್ಲ, ಇಲ್ಲಿದೆ ಆರು ತಿಂಗಳು.

ನಾನಾಗಿದ್ದರೆ ಕೇಳುವ ಪ್ರಶ್ನೆ: ಯಾವ ದೇಶದಲ್ಲಿ ಮನೆ ಓನರ್ ಜೊತೆ ನಿಂತು ಜಗಳ ಆಡಬಲ್ಲೆ? ನನ್ನ ಮೊದಲ ಓನರ್ ಅಡ್ವಾನ್ಸ್ ವಾಪಸ್ ಕೊಡಲು ತಿಂಗಳುಗಟ್ಟಲೆ ಆಡಿಸಿದ. ಒಂದು ದಿನ ಬಾಗಿಲಲ್ಲೇ ನಿಂತು ಇಪ್ಪತ್ತು ನಿಮಿಷ ಜರ್ಮನ್‌ನಲ್ಲಿ ಕೂಗಾಡಿದೆ. ಗಂಡು, ಹೆಣ್ಣು, ನಪುಂಸಕ ಎಲ್ಲ ಲಿಂಗವೂ ತಪ್ಪಿತ್ತು. ದುಡ್ಡು ಮಾತ್ರ ಸರಿಯಾಗಿ ಬಂತು.

ಇದನ್ನೆಲ್ಲ ಎಲೆ ಮುಂದೆ ಹೇಳೋಕೆ ಹೋದೆ. ಹಿರಿಯರು ಮಜ್ಜಿಗೆಯವನನ್ನು ಕರೆಯುತ್ತಿದ್ದರು. ಕೈ ತೊಳೆಯುವ ಕಡೆ ಹುಡುಗ ಸಿಕ್ಕಿದ. ಅತ್ತಿತ್ತ ನೋಡಿದ.

‘ಅಕ್ಕಾ, ನಂಗೆ ಬೆಂಗಳೂರಲ್ಲಿ ಕೆಲಸ ಆಗಿದೆ. ಅಪ್ಪಂಗೆ ಇನ್ನೂ ಹೇಳಿಲ್ಲ.’

ನಾನೂ ಹೇಳಲಿಲ್ಲ.